ತೋಟದ ನೆರಳಿನ ಕೊಕ್ಕೆಹುಳು

ಮೂಡಿಗೆರೆ, ಸಕಲೇಶಪುರದ ಕಡೆ ಮಳೆಗಾಲದಲ್ಲಿ ಕಾಫಿ ತೋಟಕ್ಕೆ ಇಳಿಯುವವರು ಉಂಬಳಕ್ಕೆ (ಜಿಗಣೆಗೆ) ಹೆದರುತ್ತಾರೆ. ಕಾಲಿಗೆ ಸುಣ್ಣ, ಹೊಗೆಸೊಪ್ಪು ಸವರಿಕೊಳ್ಳುತ್ತಾರೆ. ಉಂಬಳವಾದರೆ ರಕ್ತ ಕುಡಿದು ತಾನಾಗಿ ಉದುರುತ್ತದೆ. ಅದೇ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಕೊಕ್ಕೆಹುಳುವಿನ ಮರಿಯೂ ಇರುತ್ತದೆ. ಬರಿಗಾಲಿನ ಚರ್ಮ ಕೊರೆದು ಒಳಗೆ ಹೋದರೆ ಅದು ವರ್ಷಗಟ್ಟಲೆ ದೇಹದೊಳಗೇ ಉಳಿಯಬಲ್ಲದು.

ಬೆಲ್ಲ ಜಾಸ್ತಿ ತಿಂದರೆ ಹೊಟ್ಟೆಯಲ್ಲಿ ಹುಳು ಆಗುತ್ತೆ ಎಂದು ಮಕ್ಕಳಿಗೆ ಹೇಳುತ್ತೇವೆ, ಅಲ್ವಾ? ಬೆಲ್ಲದ ತಪ್ಪೇನೂ ಇಲ್ಲ. ಹುಳು ಬರುವುದು ಮಲ ಬೆರೆತ ಮಣ್ಣಿನಿಂದ. ದುಂಡುಹುಳುವಿನ ಮೊಟ್ಟೆ ಕೊಳಕು ಕೈ, ತೊಳೆಯದ ಸೊಪ್ಪಿನ ಜೊತೆ ಬಾಯಿಗೆ ಹೋಗುತ್ತದೆ. ಕೊಕ್ಕೆಹುಳು ಹೆಚ್ಚಾಗಿ ಕಾಲಿನ ದಾರಿ ಹಿಡಿಯುತ್ತದೆ.

ಈ ದಾರಿ ಗೊತ್ತಾಗಿದ್ದು ಆಕಸ್ಮಿಕವಾಗಿ. 1890ರ ದಶಕದಲ್ಲಿ ಕೈರೋದಲ್ಲಿದ್ದ ಜರ್ಮನ್ ವಿಜ್ಞಾನಿ ಆರ್ಥರ್ ಲೂಸ್ ಅವರ ಕೈಮೇಲೆ ಮರಿಗಳಿದ್ದ ನೀರು ಚೆಲ್ಲಿತು. ಚರ್ಮ ಕೆಂಪಾಗಿ ಉರಿಯಿತು. ಕೆಲವು ವಾರಗಳ ನಂತರ ಅವರ ಮಲದಲ್ಲೇ ಹುಳುವಿನ ಮೊಟ್ಟೆ ಕಂಡವು. ಮರಿ ರಕ್ತದ ಜೊತೆ ಶ್ವಾಸಕೋಶಕ್ಕೆ ಬರುತ್ತದೆ, ಅಲ್ಲಿಂದ ಗಂಟಲಿಗೆ ಹತ್ತುತ್ತದೆ, ನುಂಗಿದಾಗ ಸಣ್ಣಕರುಳಿಗೆ ಇಳಿಯುತ್ತದೆ. ಕರುಳಿನ ಗೋಡೆ ಕಚ್ಚಿ ರಕ್ತ ಹೀರುತ್ತದೆ.

ಬೆಳೆದ ಹುಳು ಸುಮಾರು ಒಂದು ಸೆಂ.ಮೀ. ಉದ್ದ. ನೆಕೇಟರ್ ಎಂಬ ಜಾತಿಯ ಒಂದು ಕೊಕ್ಕೆಹುಳುವಿನಿಂದ ದಿನಕ್ಕೆ ಹೋಗುವ ರಕ್ತ ಸುಮಾರು 0.03 ಮಿ.ಲೀ. ಇಷ್ಟೇನಾ ಅನ್ನಿಸಬಹುದು. ಆದರೆ ನೂರು ಹುಳು ಇದ್ದರೆ ತಿಂಗಳಿಗೆ 90 ಮಿ.ಲೀ. ಆಯಿತು! ಮುಟ್ಟು, ಹೆರಿಗೆಯಲ್ಲಿ ಮೊದಲೇ ರಕ್ತ ಕಳೆದುಕೊಂಡ ಹೆಂಗಸಿಗೆ ಇದು ಸಣ್ಣ ನಷ್ಟವಲ್ಲ. ದಿಣ್ಣೆ ಹತ್ತುವಾಗ ಏದುಸಿರು, ದಿನವಿಡೀ ಸುಸ್ತು. ಅದನ್ನು ಸೋಮಾರಿತನ ಎಂದು ಬೈಯುವುದನ್ನು ಕೇಳಿದರೆ ಸಂಕಟವಾಗುತ್ತದೆ.

ಕಾಫಿ ತೋಟ ಈ ಹುಳುವಿಗೆ ಹೇಳಿ ಮಾಡಿಸಿದ ಜಾಗ. ಬಿಸಿಲಿಗೆ ಮರಿ ಒಣಗಿ ಸಾಯುತ್ತದೆ. ಸಿಲ್ವರ್ ಓಕ್, ಹಲಸಿನ ನೆರಳಿನ ತೇವದಲ್ಲಿ ಮೂರು ನಾಲ್ಕು ವಾರ ಬದುಕಬಲ್ಲದು. ತೋಟದ ಕಾರ್ಮಿಕರು ಇರುವ ಲೈನ್ ಮನೆಯಲ್ಲಿ ಶೌಚಾಲಯ ಇದ್ದರೂ ಕೆಲಸದ ಜಾಗ ದೂರವಾದರೆ ಜನ ಗಿಡದ ಮರೆಗೆ ಹೋಗುತ್ತಾರೆ. ಒಂದೆರಡು ವಾರ ಬಿಟ್ಟು, ಮಲದಲ್ಲಿದ್ದ ಮೊಟ್ಟೆ ಮರಿಯಾಗಿರುವ ಹೊತ್ತಿಗೆ, ಅಲ್ಲಿಗೇ ಇನ್ನೊಬ್ಬರು ಬರಿಗಾಲಲ್ಲಿ ಕಳೆ ತೆಗೆಯಲು ಬರುತ್ತಾರೆ.

2015ರಿಂದ ಸರ್ಕಾರ 1ರಿಂದ 19 ವರ್ಷದವರಿಗೆ ಶಾಲೆ, ಅಂಗನವಾಡಿಯಲ್ಲಿ ಹುಳು ಕೊಲ್ಲುವ ಆಲ್ಬೆಂಡಜೋಲ್ ಮಾತ್ರೆ ಕೊಡಿಸುತ್ತಿದೆ. ತುಂಬ ಒಳ್ಳೆಯ ಕೆಲಸ. ಆದರೆ ತೋಟದಲ್ಲಿ ದುಡಿಯುವ ನಲವತ್ತರ ಹೆಂಗಸು ಆ ಲೆಕ್ಕಕ್ಕೆ ಬರುವುದಿಲ್ಲ. ಮಾತ್ರೆ ಒಳಗಿರುವ ಹುಳುವನ್ನು ಕೊಲ್ಲುತ್ತದೆಯೇ ಹೊರತು ಮತ್ತೆ ಹತ್ತುವುದನ್ನು ತಡೆಯುವುದಿಲ್ಲ. ಅದಕ್ಕೆ ಗಂಬೂಟು ಬೇಕು, ಕೆಲಸದ ಜಾಗದ ಹತ್ತಿರವೇ ಶೌಚಾಲಯ ಬೇಕು. ಎರಡನ್ನೂ ತೋಟದ ಮಾಲೀಕರೇ ಕೊಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸುಸ್ತು ಬಿಡದಿದ್ದರೆ ಆಸ್ಪತ್ರೆಯಲ್ಲಿ ರಕ್ತದ ಜೊತೆ ಮಲ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ರಕ್ತ ಕಡಿಮೆಯಾಗಿದ್ದರೆ, ಹುಳು ಹೋದ ಮೇಲೂ ಡಾಕ್ಟರು ಹೇಳಿದಷ್ಟು ತಿಂಗಳು ಕಬ್ಬಿಣದ ಮಾತ್ರೆ ನುಂಗಬೇಕು.