ಹಳದಿ ಕಂಡ ಕೂಡಲೇ ಸೋಡಿಯಂ ಅನ್ನಬೇಡಿ

ಲವಣದಲ್ಲಿ ಯಾವ ಲೋಹವಿದೆ ಎಂದು ಜ್ವಾಲೆಯ ಬಣ್ಣದಿಂದ ಗುರುತಿಸುವುದು ಜ್ವಾಲಾ ಪರೀಕ್ಷೆ. ಪಿಯುಸಿ ಲ್ಯಾಬ್‌ಗಳಲ್ಲಿ ಇದರಲ್ಲಿ ಪ್ರತಿವರ್ಷವೂ ಅದೇ ತಪ್ಪು. ಕೊಟ್ಟಿರುವುದು ಬೇರಿಯಂ ಕ್ಲೋರೈಡ್. ಲವಣ ಅಂಟಿಸಿದ ತಂತಿಯನ್ನು ಜ್ವಾಲೆಗೆ ಹಿಡಿದ ತಕ್ಷಣ ಹಳದಿ ಮಿಂಚುತ್ತದೆ, ವಿದ್ಯಾರ್ಥಿ ‘ಸೋಡಿಯಂ’ ಎಂದು ಬರೆದು ತಂತಿ ಕೆಳಗಿಡುತ್ತಾನೆ. ಬೇರಿಯಂನ ಹಸಿರು ನಿಧಾನಕ್ಕೆ ಬರುತ್ತದೆ, ಮಗು. ಸ್ವಲ್ಪ ಕಾಯಬೇಕಿತ್ತು.

ಆ ಹಳದಿ ಲವಣದ್ದಲ್ಲ, ಬೆರಳಿನದು. ಬೆವರಿನಲ್ಲಿ ಸೋಡಿಯಂ ಇರುವ ಉಪ್ಪಿದೆ, ಧೂಳಿನಲ್ಲಿದೆ, ಹಿಂದಿನ ಬ್ಯಾಚ್‌ನವರು ತೊಳೆಯದೆ ಬಿಟ್ಟ ವಾಚ್‌ಗ್ಲಾಸ್ ಎಂಬ ಪುಟ್ಟ ಗಾಜಿನ ತಟ್ಟೆಯಲ್ಲೂ ಇದೆ. 1860ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನ ವಿಜ್ಞಾನಿಗಳಾದ ಬುನ್ಸೆನ್ ಮತ್ತು ಕಿರ್ಕಾಫ್ ಕೋಣೆಯ ಮೂಲೆಯಲ್ಲಿ 3 ಮಿಲಿಗ್ರಾಂ ಸೋಡಿಯಂ ಕ್ಲೋರೇಟನ್ನು ಹಾಲಿನ ಸಕ್ಕರೆಯೊಂದಿಗೆ ಸಿಡಿಸಿದರು. ಕೆಲವೇ ನಿಮಿಷಗಳಲ್ಲಿ, ದೂರದಲ್ಲಿ ಉರಿಯುತ್ತಿದ್ದ ದೀಪದ ಜ್ವಾಲೆಯಲ್ಲಿ ಸೋಡಿಯಂನ ಹಳದಿ ರೇಖೆ, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕಕ್ಕೆ ಸಿಕ್ಕಿತು. ಒಂದು ಮಿಲಿಗ್ರಾಮಿನ ಮೂವತ್ತು ಲಕ್ಷದ ಒಂದು ಪಾಲಿಗಿಂತ ಕಡಿಮೆ ಇದ್ದರೂ ಸಾಕು ಎಂಬುದು ಅವರ ಲೆಕ್ಕ. ನಿಮ್ಮ ಬೆರಳ ಗುರುತು ಅದಕ್ಕಿಂತ ಎಷ್ಟೋ ದೊಡ್ಡದು.

ಆದ್ದರಿಂದ ಮೊದಲು ಬರೀ ತಂತಿಯನ್ನೇ ಪರೀಕ್ಷಿಸಿ. ಪ್ಲಾಟಿನಂ ಅಥವಾ ನೈಕ್ರೋಮ್ ತಂತಿಯ ತುದಿಯನ್ನು ವಾಚ್‌ಗ್ಲಾಸ್‌ನಲ್ಲಿರುವ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ, ಗಾಳಿಕಿಂಡಿ ತೆರೆದ ಬರ್ನರ್‌ನ ನೀಲಿ ಜ್ವಾಲೆಯಲ್ಲಿ ಕಾಯಿಸಿ. ಬಣ್ಣ ಬಂದರೆ ಮತ್ತೆ ಅದ್ದಿ, ಮತ್ತೆ ಕಾಯಿಸಿ. ಐದಾರು ಸಲ ಬೇಕಾಗಬಹುದು. ಆಮ್ಲದ ಬಾಟಲಿಗೇ ತಂತಿ ಇಳಿಸಬೇಡಿ, ಇಡೀ ಬ್ಯಾಚ್‌ನ ಆಮ್ಲ ಕೆಡುತ್ತದೆ. ತಂತಿ ಬಣ್ಣ ಕೊಡದಂತಾದ ಮೇಲೆ ಹೊಸ ಆಮ್ಲದಲ್ಲಿ ಅದ್ದಿ, ಸಾಸಿವೆಗಿಂತ ಕಡಿಮೆ ಲವಣ ಅಂಟಿಸಿಕೊಂಡು ಜ್ವಾಲೆಯ ಬುಡದಂಚಿಗೆ ಹಿಡಿಯಿರಿ. ಹೊರಗಿನಿಂದ ಬಂದ ಹಳದಿ ಸಾಮಾನ್ಯವಾಗಿ ಮಿಂಚಿ ಮಾಯವಾಗುತ್ತದೆ. ನಿಜವಾದ ಸೋಡಿಯಂ ಲವಣದ ಬಂಗಾರದ ಹಳದಿ ಬಹಳ ಹೊತ್ತು ಬಿಡದೆ ಉರಿಯುತ್ತದೆ.

ಪೊಟ್ಯಾಸಿಯಂ ಪಾಡು ಇನ್ನೂ ಕಷ್ಟ. ಅದರ ತಿಳಿ ನೇರಳೆಯನ್ನು ಎಳ್ಳಷ್ಟು ಸೋಡಿಯಂ ಕೂಡ ನುಂಗಿಹಾಕುತ್ತದೆ. ಕೋಬಾಲ್ಟ್‌ನ ನೀಲಿ ಗಾಜು ಹಿಡಿದು ನೋಡಿ. 589 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನ ಸೋಡಿಯಂ ಹಳದಿಯನ್ನು ಗಾಜು ತಡೆಯುತ್ತದೆ, ಪೊಟ್ಯಾಸಿಯಂ ಕೆನ್ನೇರಳೆಯಾಗಿ ಕಾಣುತ್ತದೆ. ಆದರೂ ಹಳದಿ ನುಸುಳಿದರೆ ಎರಡು ಗಾಜು ಜೋಡಿಸಿ.

ಕ್ಯಾಲ್ಸಿಯಂನ ಇಟ್ಟಿಗೆ ಕೆಂಪಿಗೂ ಸ್ಟ್ರಾನ್ಷಿಯಂನ ಕಡುಗೆಂಪಿಗೂ ವ್ಯತ್ಯಾಸ ತಿಳಿಯದಿದ್ದರೆ ಗೊತ್ತಿರುವ ಲವಣವನ್ನು ಪಕ್ಕದಲ್ಲೇ ಉರಿಸಿ ಹೋಲಿಸಿ. ಬಣ್ಣ ಬರೀ ಸುಳಿವು, ದ್ರಾವಣದ ಪರೀಕ್ಷೆಯಿಂದ ಖಚಿತಪಡಿಸಿಕೊಂಡೇ ಬರೆಯಿರಿ. ಬೇರಿಯಂ ಸಲ್ಫೇಟ್ ಸುಲಭವಾಗಿ ಆವಿಯಾಗದ ಕಾರಣ ಎಷ್ಟು ಕಾದರೂ ಹಸಿರು ಸರಿಯಾಗಿ ಬರದಿರಬಹುದು. ಆಗ ಅದನ್ನು ಜ್ವಾಲೆಯ ಅಪಕರ್ಷಕ (ಆಮ್ಲಜನಕ ಕಡಿಮೆ ಇರುವ) ಭಾಗದಲ್ಲಿ ಚೆನ್ನಾಗಿ ಕಾಯಿಸಿ, ಸಲ್ಫೈಡ್ ಆಗಲು ಬಿಟ್ಟು, ಆಮ್ಲ ಮುಟ್ಟಿಸಿ ಮತ್ತೆ ಹಿಡಿಯಿರಿ.