ನಾಲ್ಕು ಬಣ್ಣಗಳ ಪ್ರಮೇಯ: ಕಂಪ್ಯೂಟರ್ ಸಾಧಿಸಿದ್ದನ್ನು ಒಪ್ಪುವುದು ಹೇಗೆ?

ಕಂಪ್ಯೂಟರ್ ನೆರವಿನಿಂದ ಸಾಧಿಸಿದ ಪ್ರಮೇಯವನ್ನು ಗಣಿತ ಒಪ್ಪಬೇಕೇ ಎಂಬ ವಾದ ಹಳೆಯದು. ಆದರೆ ಅದರಲ್ಲಿ ಎರಡು ಬೇರೆ ಬೇರೆ ಅನುಮಾನಗಳು ಹೆಣೆದುಕೊಂಡಿವೆ. ಅವನ್ನು ಬಿಡಿಸಿ ನೋಡಲು ನಾಲ್ಕು ಬಣ್ಣಗಳ ಪ್ರಮೇಯದ ಕಥೆಯಿಂದಲೇ ಹೊರಡಬೇಕು.

1852ರಲ್ಲಿ ಫ್ರಾನ್ಸಿಸ್ ಗತ್ರಿ ಎಂಬ ಯುವಕ ಇಂಗ್ಲೆಂಡಿನ ಕೌಂಟಿಗಳ ನಕಾಶೆಗೆ ಬಣ್ಣ ತುಂಬುತ್ತಿದ್ದಾಗ ಅವನಿಗೊಂದು ಪ್ರಶ್ನೆ ಹೊಳೆಯಿತು. ಗಡಿ ಹಂಚಿಕೊಂಡ ಎರಡು ಪ್ರದೇಶಗಳಿಗೆ ಒಂದೇ ಬಣ್ಣ ಬರಬಾರದು ಎಂದರೆ ಯಾವ ನಕಾಶೆಗಾದರೂ ನಾಲ್ಕು ಬಣ್ಣ ಸಾಕೇ? ತಮ್ಮನ ಮೂಲಕ ಪ್ರಶ್ನೆ ಗಣಿತಜ್ಞ ಡಿ ಮಾರ್ಗನ್ ಅವರನ್ನು ತಲುಪಿತು. ಮಗುವಿಗೂ ಅರ್ಥವಾಗುವ ಈ ಪ್ರಶ್ನೆ 124 ವರ್ಷ ಗಣಿತಜ್ಞರನ್ನು ಕಾಡಿತು.

1879ರಲ್ಲಿ ಲಂಡನ್ನಿನ ವಕೀಲ ಆಲ್ಫ್ರೆಡ್ ಕೆಂಪೆ ಅದಕ್ಕೊಂದು ಸಾಧನೆಯನ್ನು, ಅಂದರೆ ನಾಲ್ಕು ಬಣ್ಣ ಸಾಕೆಂಬುದಕ್ಕೆ ತಾರ್ಕಿಕ ಪುರಾವೆಯನ್ನು, ಪ್ರಕಟಿಸಿದರು. ಯಾವ ನಕಾಶೆಯಲ್ಲಾದರೂ ಐದು ಅಥವಾ ಅದಕ್ಕಿಂತ ಕಡಿಮೆ ನೆರೆಹೊರೆ ಇರುವ ಪ್ರದೇಶ ಒಂದಾದರೂ ಇರಲೇಬೇಕು. ಅದನ್ನು ತೆಗೆದು ಉಳಿದ ನಕಾಶೆಗೆ ಬಣ್ಣ ಹಚ್ಚಿ, ಸುತ್ತಲಿನ ಬಣ್ಣಗಳನ್ನು ಅದಲುಬದಲು ಮಾಡಿ ಮತ್ತೆ ಸೇರಿಸಬಹುದು ಎಂಬುದು ಅದರ ತಿರುಳು. ಎಲ್ಲರೂ ಒಪ್ಪಿದರು. 11 ವರ್ಷಗಳ ಬಳಿಕ ಪರ್ಸಿ ಹೀವುಡ್ ಅದರಲ್ಲಿ ತಪ್ಪು ಹುಡುಕಿದರು: ಐದು ನೆರೆಯವರಿದ್ದಾಗ ಎರಡು ಅದಲುಬದಲುಗಳನ್ನು ಒಟ್ಟಿಗೆ ಮಾಡಿದರೆ ಒಂದು ಇನ್ನೊಂದನ್ನು ಕೆಡಿಸಬಹುದು. ಯಂತ್ರದ ಮೇಲೆ ಅಪನಂಬಿಕೆ ಪಡುವವರು ಈ 11 ವರ್ಷಗಳನ್ನು ನೆನಪಿನಲ್ಲಿಡಬೇಕು. ಮನುಷ್ಯರು ಬರೆದದ್ದು, ಮನುಷ್ಯರೇ ಓದಿದ್ದು. ಆದರೂ ತಪ್ಪು ಕಣ್ಣಿಗೆ ಬೀಳಲಿಲ್ಲ. ಅದೇ ವಿಧಾನದಿಂದ ಐದು ಬಣ್ಣ ಸಾಕೆಂಬುದನ್ನು ಹೀವುಡ್ ಸಾಧಿಸಿದರು.

ಬರ್ಕಾಫ್, ಹೀಶ್ ಮುಂತಾದ ಗಣಿತಜ್ಞರ ಕೈಯಲ್ಲಿ ಕೆಂಪೆಯ ಉಪಾಯ ದಶಕಗಳ ಕಾಲ ಹದಗೊಂಡಿತು.

1976ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಕೆನೆತ್ ಅಪೆಲ್ ಮತ್ತು ವುಲ್ಫ್‌ಗ್ಯಾಂಗ್ ಹಾಕೆನ್ ಅದನ್ನು ಮುಗಿಸಿದರು. ಅವರ ದಾರಿ ಹೀಗಿದೆ. ನಾಲ್ಕು ಬಣ್ಣ ಸಾಲದ ನಕಾಶೆಗಳು ಇವೆ ಎಂದುಕೊಳ್ಳೋಣ. ಅವುಗಳಲ್ಲಿ ಅತಿ ಚಿಕ್ಕದನ್ನು ಹಿಡಿಯೋಣ. ಪ್ರದೇಶಗಳ ಕೆಲವು ಜೋಡಣೆಗಳ ಪಟ್ಟಿ ಮಾಡಿ, ಅವುಗಳಲ್ಲಿ ಒಂದಾದರೂ ಈ ನಕಾಶೆಯಲ್ಲಿ ಇರಲೇಬೇಕು ಎಂದು ತೋರಿಸಬೇಕು. ಬಳಿಕ, ಯಾವ ಜೋಡಣೆ ಇದ್ದರೂ ನಾಲ್ಕು ಬಣ್ಣ ಸಾಲದ ಇನ್ನೂ ಚಿಕ್ಕ ನಕಾಶೆ ಸಿಗುತ್ತದೆ ಎಂದು ತೋರಿಸಬೇಕು. ಆಗ ಮೊದಲಿನ ಊಹೆಯೇ ಕುಸಿಯುತ್ತದೆ. ಉಪಾಯ ಸುಂದರವಾಗಿದೆ, ಭಾರವೆಲ್ಲ ಪಟ್ಟಿಯಲ್ಲಿದೆ. ಮೊದಲ ಪಟ್ಟಿಯಲ್ಲಿ 1,936 ಜೋಡಣೆಗಳಿದ್ದವು. ಅವನ್ನು ಒಂದೊಂದಾಗಿ ಪರೀಕ್ಷಿಸಲು ಕಂಪ್ಯೂಟರಿಗೆ ಸಾವಿರಕ್ಕೂ ಹೆಚ್ಚು ಗಂಟೆ ಹಿಡಿಯಿತು.

ಸಂಭ್ರಮದ ಜೊತೆಯಲ್ಲೇ ಇರಿಸುಮುರಿಸೂ ಎದ್ದಿತು. ಸಾಧನೆ ಎಂದರೆ ಓದುಗ ಸಾಲುಸಾಲಾಗಿ ಹಿಂಬಾಲಿಸಬಲ್ಲ ತರ್ಕ ಎಂಬುದು ಯೂಕ್ಲಿಡ್ ಕಾಲದಿಂದ ಬಂದ ನಂಬಿಕೆ. ಕಂಪ್ಯೂಟರ್ ಮಾಡಿದ ಪರೀಕ್ಷೆಯನ್ನು ಹಾಗೆ ಹಿಂಬಾಲಿಸುವುದು ಯಾವ ಓದುಗನಿಗೂ ಸಾಧ್ಯವಿರಲಿಲ್ಲ. ಹೀಗಾಗಿ ಸಾಧನೆಯ ಅರ್ಥವೇ ಬದಲಾಯಿತು ಎಂದು ತತ್ತ್ವಶಾಸ್ತ್ರಜ್ಞ ಥಾಮಸ್ ಟಿಮೋಷ್ಕೊ 1979ರಲ್ಲಿ ವಾದಿಸಿದರು. ವಿಶೇಷವೆಂದರೆ, 1980ರ ದಶಕದಲ್ಲಿ ಪತ್ತೆಯಾದ ಗಮನಾರ್ಹ ದೋಷ ಇದ್ದದ್ದು ಕೈಯಿಂದ ಮಾಡಿದ ಭಾಗದಲ್ಲಿ. ಅದನ್ನು ತಿದ್ದಿ ಅಪೆಲ್ ಮತ್ತು ಹಾಕೆನ್ 1989ರಲ್ಲಿ ಪೂರ್ಣ ಸಾಧನೆಯನ್ನು ಪುಸ್ತಕವಾಗಿ ತಂದರು.

ಆಮೇಲಿನದು ಸರಸರನೆ ನಡೆಯಿತು. 1997ರಲ್ಲಿ ರಾಬರ್ಟ್‌ಸನ್, ಸ್ಯಾಂಡರ್ಸ್, ಸೇಮೂರ್, ಥಾಮಸ್ ಪಟ್ಟಿಯನ್ನು 633ಕ್ಕೆ ಇಳಿಸಿದರು. 2005ರಲ್ಲಿ ಜಾರ್ಜ್ ಗೊಂಟಿಯೆ ಇಡೀ ಸಾಧನೆಯನ್ನು, ತರ್ಕದ ಪ್ರತಿ ಹೆಜ್ಜೆಯನ್ನೂ ಪರಿಶೀಲಿಸುವ ಕಾಕ್ ಎಂಬ ತಂತ್ರಾಂಶದಲ್ಲಿ ಬರೆದರು.

ಅಲ್ಲಿಗೆ ಮೊದಲ ಅನುಮಾನ, ಅಂದರೆ ಇದು ಸರಿಯೇ ಎಂಬುದು, ತೀರಿತು ಎಂದೇ ನಾನು ಭಾವಿಸುತ್ತೇನೆ. ಕೈಬರಹದ ಎಷ್ಟೋ ಸಾಧನೆಗಳು ಇಷ್ಟು ಕಟ್ಟುನಿಟ್ಟಿನ ಪರೀಕ್ಷೆಗೆ ಒಳಗಾಗಿಲ್ಲ. ಎರಡನೆಯದು ಬೇರೆ: ಇದು ಏಕೆ ಸರಿ? ಮೂರು ಸಾಲದೆ, ಐದು ಬೇಡದೆ, ಸರಿಯಾಗಿ ನಾಲ್ಕಕ್ಕೇ ನಿಲ್ಲುವುದೇಕೆ? ಮೂರು ಸಾಲದು ಎಂಬುದಕ್ಕೆ ಒಂದು ಪುಟ್ಟ ಚಿತ್ರ ಸಾಕು: ಪರಸ್ಪರ ತಾಗುವ ಮೂರು ಪ್ರದೇಶಗಳು, ಅವುಗಳ ನಡುವೆ ಮೂರಕ್ಕೂ ತಾಗುವ ಇನ್ನೊಂದು. ಐದು ಸಾಕು ಎಂಬುದು ಹೀವುಡ್ ಕಾಲದಿಂದಲೂ ಒಂದು ಪುಟದ ಮಾತು. ಐದರಿಂದ ನಾಲ್ಕಕ್ಕೆ ಇಳಿಯುವ ಆ ಒಂದು ಮೆಟ್ಟಿಲಿಗೆ ಮಾತ್ರ ಕಂಪ್ಯೂಟರ್ ಇಲ್ಲದೆ ಓದಿ ಮುಗಿಸಬಹುದಾದ ಸರ್ವಸಮ್ಮತ ಸಾಧನೆ ಇನ್ನೂ ಸಿಕ್ಕಿಲ್ಲ.