ಗಾಯಕನ ಬದುಕು, ಗಾಯಕನದೇ ಹಾಡು: ಅಪ್ಪಣೆ ಕೊಡಬೇಕಾದವರು ಯಾರು?

ಹೆಸರಾಂತ ಗಾಯಕನೊಬ್ಬನ ಬದುಕನ್ನು ಅವನೇ ಹಾಡಿದ ಹಾಡುಗಳ ಮೂಲಕ ರಂಗದ ಮೇಲೆ ಹೇಳಬೇಕೆಂಬ ಆಸೆ ಕಲಬುರಗಿಯ ಹವ್ಯಾಸಿ ನಾಟಕ ತಂಡಗಳಲ್ಲಿ ಆಗಾಗ ತಲೆಯೆತ್ತುತ್ತದೆ. ನಟಿಸುವವರಿದ್ದಾರೆ, ಹಾಡುವವರಿದ್ದಾರೆ, ಆಡಲು ಎಸ್.ಎಂ. ಪಂಡಿತ ರಂಗಮಂದಿರವಿದೆ. ಆದರೂ ಮೊದಲ ಓದು ಮುಗಿಯುವಷ್ಟರಲ್ಲಿ ಮಾತು ಕಗ್ಗಂಟಾಗುತ್ತದೆ. ಹಾಡು ಯಾರ ಸ್ವತ್ತು? ಹಾಡಿದವರದೇ, ಬರೆದವರದೇ, ರಾಗ ಹಾಕಿದವರದೇ, ಸಿನಿಮಾಕ್ಕೆ ಹಣ ಹೂಡಿದವರದೇ, ಕ್ಯಾಸೆಟ್ ಕಂಪನಿಯದೇ? ಬದುಕು ಯಾರ ಸ್ವತ್ತು? ಮನೆಯವರದೇ, ಅಭಿಮಾನಿಗಳದೇ? ಟಿಕೆಟ್ ಇಡದಿದ್ದರೆ ಯಾರ ಹಂಗೂ ಇಲ್ಲ ಎಂದು ಒಬ್ಬರು ಹೇಳುತ್ತಾರೆ. ಬೆಂಗಳೂರು, ಮುಂಬೈಗಳಿಂದ ಪರವಾನಗಿ ಪತ್ರ ತರಿಸಲೇಬೇಕು ಎಂದು ಇನ್ನೊಬ್ಬರು ಎಚ್ಚರಿಸುತ್ತಾರೆ. ಕಾನೂನು ಹಾಗಿರಲಿ, ಅಭಿಮಾನಿಗಳು ಒಪ್ಪಬೇಕಲ್ಲ ಎಂದು ಮೂರನೆಯವರು ಅನುಮಾನಿಸುತ್ತಾರೆ. ಮೂವರ ಮಾತಿನಲ್ಲೂ ನಿಜವಿದೆ. ಆದರೆ ಆ ನಿಜಗಳು ಬೇರೆ ಬೇರೆ ಕಾಲಘಟ್ಟಗಳಲ್ಲಿ ಹುಟ್ಟಿದವು. ಅದಕ್ಕಾಗಿಯೇ ಈ ಹಿನ್ನೆಲೆ.

ಜನರ ಬಾಯಲ್ಲಿರುವ ಹಾಡನ್ನೇ ಎತ್ತಿಕೊಂಡು ನಾಟಕ ಕಟ್ಟುವುದು ಹಳೆಯ ಪದ್ಧತಿ. ಲಂಡನ್ನಿನಲ್ಲಿ 1728ರಲ್ಲೇ ಜಾನ್ ಗೇ ಎಂಬ ಕವಿ ಊರೆಲ್ಲ ಹಾಡುತ್ತಿದ್ದ ಧಾಟಿಗಳಿಗೆ ಹೊಸ ಸಾಹಿತ್ಯ ಜೋಡಿಸಿ ರಂಗದಲ್ಲಿ ಗೆದ್ದಿದ್ದ. ಆಗ ಯಾರೂ ಬಂದು ಧಾಟಿಯ ಬಾಡಿಗೆ ಕೇಳಲಿಲ್ಲ. ಅಲ್ಲಿಂದ ಎರಡೂವರೆ ಶತಮಾನ ದಾಟಿ 1977ಕ್ಕೆ ಬಂದರೆ, ನ್ಯೂಯಾರ್ಕಿನಲ್ಲಿ ಬೀಟಲ್ಸ್ ತಂಡದವರಂತೆಯೇ ವೇಷ ಹಾಕಿ ಅವರ ಹಾಡುಗಳನ್ನು ಹಾಡುವ ಪ್ರದರ್ಶನವೊಂದು ತೆರೆ ಕಂಡಿತು. ಬೀಟಲ್ಸ್‌ನ ಕಂಪನಿ ನ್ಯಾಯಾಲಯಕ್ಕೆ ಹೋಯಿತು. 1986ರಲ್ಲಿ ಬಂದ ತೀರ್ಪು ಕಂಪನಿಯ ಪರವಾಗಿತ್ತು. ಹಾಡಷ್ಟೇ ಅಲ್ಲ, ಕಲಾವಿದರ ಚಹರೆ ಮತ್ತು ಹಾವಭಾವಕ್ಕೂ ಬೆಲೆಯಿದೆ, ಅದನ್ನು ಕೇಳದೆ ಎತ್ತಿಕೊಳ್ಳುವಂತಿಲ್ಲ ಎಂಬುದು ಅಲ್ಲಿಂದಾಚೆಗೆ ಗಟ್ಟಿಯಾಯಿತು. 1989ರಲ್ಲಿ ಲಂಡನ್ನಿನಲ್ಲಿ ಬಡ್ಡಿ ಹಾಲಿ ಎಂಬ ಗಾಯಕನ ಜೀವನ ರಂಗಕ್ಕೆ ಬಂತು. 1999ರಲ್ಲಿ ಆಬಾ ತಂಡದ ಹಾಡುಗಳನ್ನು ಯಾರ ಜೀವನವೂ ಅಲ್ಲದ ಒಂದು ಕಥೆಗೆ ಪೋಣಿಸಿದ ನಾಟಕ ಜಗತ್ತನ್ನೇ ಸುತ್ತಿತು. ಅದರ ಗೆಲುವಿನ ನಂತರ, ಈಗ ಜೂಕ್‌ಬಾಕ್ಸ್ ಮ್ಯೂಸಿಕಲ್ ಎಂದು ಕರೆಯುವ ಈ ಬಗೆ ಒಂದು ಉದ್ಯಮವೇ ಆಯಿತು.

ಉದ್ಯಮವಾದ ಮೇಲೆ ಅಪ್ಪಣೆಯ ಪ್ರಶ್ನೆಯ ಸ್ವರೂಪವೂ ಬದಲಾಯಿತು. ಹಾಡಿನ ಕೀಲಿಕೈ ಯಾರ ಸೊಂಟದಲ್ಲಿದೆಯೋ ಅವರೇ ಕಥೆಯ ಗಡಿಯನ್ನೂ ಗುರುತಿಸತೊಡಗಿದರು. ಮೈಕೆಲ್ ಜಾಕ್ಸನ್ ಕುರಿತ ಸಂಗೀತ ನಾಟಕ ಇದಕ್ಕೆ ಸ್ಪಷ್ಟ ಉದಾಹರಣೆ. 2022ರ ಫೆಬ್ರವರಿ 1ರಂದು ನ್ಯೂಯಾರ್ಕಿನ ನೀಲ್ ಸೈಮನ್ ಥಿಯೇಟರಿನಲ್ಲಿ ಅದು ವಿಧ್ಯುಕ್ತವಾಗಿ ಆರಂಭವಾಯಿತು. ಎರಡು ಬಾರಿ ಪುಲಿಟ್ಜರ್ ಪಡೆದ ಲಿನ್ ನಾಟೇಜ್ ಅದರ ಕಥೆ ಬರೆದವರು. ನಾಲ್ಕು ಟೋನಿ ಪ್ರಶಸ್ತಿಗಳು ಬಂದವು. 2024ರಲ್ಲಿ ಲಂಡನ್ನಿಗೂ ಹೋಯಿತು. ಜಾಕ್ಸನ್ 2009ರಲ್ಲಿ ತೀರಿಕೊಂಡ ಮೇಲೆ ಅವರ ಆಸ್ತಿಯನ್ನು ನೋಡಿಕೊಳ್ಳುವವರ ಒಪ್ಪಿಗೆಯೊಂದಿಗೇ ನಾಟಕ ಸಿದ್ಧವಾಗಿದೆ. ಕಥೆ ನಡೆಯುವುದು 1992ರಲ್ಲಿ, ವಿಶ್ವಪ್ರವಾಸವೊಂದರ ತಾಲೀಮಿನ ಹೊತ್ತಿನಲ್ಲಿ. ಅವರ ಮೇಲೆ ಮಕ್ಕಳ ಲೈಂಗಿಕ ಶೋಷಣೆಯ ಮೊದಲ ಆರೋಪ ಬಹಿರಂಗವಾದದ್ದು 1993ರಲ್ಲಿ. ಜಾಕ್ಸನ್ ಕೊನೆಯವರೆಗೂ ಆರೋಪಗಳನ್ನು ನಿರಾಕರಿಸಿದರು, 2005ರ ಮೊಕದ್ದಮೆಯಲ್ಲಿ ಖುಲಾಸೆಯೂ ಆದರು. ಆದರೆ ಆ ಅಧ್ಯಾಯದ ಹೊಸ್ತಿಲಲ್ಲೇ ನಾಟಕ ನಿಂತುಬಿಟ್ಟದ್ದನ್ನು ಅನೇಕ ವಿಮರ್ಶಕರು ಪ್ರಶ್ನಿಸಿದರು. ಹಾಡು ಬೇಕಿದ್ದವರು ಒಂದಿಷ್ಟು ಮೌನವನ್ನೂ ಒಪ್ಪಿಕೊಳ್ಳಬೇಕಾಗುತ್ತದೆ ಎಂದೇ ನನಗೆ ಅನಿಸುತ್ತದೆ. ಹಾಗೆಂದು ಒಪ್ಪಿಗೆ ಪಡೆದ ಎಲ್ಲ ನಾಟಕಗಳೂ ಹೀಗಿಲ್ಲ. ಫೋರ್ ಸೀಸನ್ಸ್ ತಂಡದ ಕಥೆ ಹೇಳುವ 2005ರ ನಾಟಕದಲ್ಲಿ ತಂಡದವರ ಸಾಲ, ಜೈಲುವಾಸ, ಜಗಳ ಎಲ್ಲವೂ ಇವೆ. ಟೀನಾ ಟರ್ನರ್ ತಮ್ಮ ಕುರಿತ 2018ರ ನಾಟಕದಲ್ಲಿ ತಾವೇ ಕೈಜೋಡಿಸಿ, ಗಂಡನಿಂದ ತಿಂದ ಹೊಡೆತಗಳನ್ನು ಬಚ್ಚಿಡದೆ ತೋರಿಸಲು ಒಪ್ಪಿದರು.

ನಮ್ಮ ಕಡೆಯ ಇತಿಹಾಸ ಶುರುವಾಗುವುದೇ ಬೇರೆ ಕಡೆಯಿಂದ. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿ, ದಮ್ಮಡಿ ಹಿಡಿದು ಅಹೋರಾತ್ರಿ ಹಾಡುವ ಭಜನಾ ಮೇಳಗಳು ಕಲಬುರಗಿ, ಯಾದಗಿರಿ ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಇವೆ. ಪದ ಯಾರದೆಂಬುದನ್ನು ಕೊನೆಯ ನುಡಿಯ ಅಂಕಿತ ಹೇಳುತ್ತದೆ. ಹಾಡುವ ಹಕ್ಕು ಮಾತ್ರ ಎಲ್ಲರದು. ಎರಡು ಪದಗಳ ನಡುವೆ ಮೇಳದ ಹಿರಿಯರು ಪದಕಾರರ ಬದುಕಿನ ಒಂದೊಂದು ಪ್ರಸಂಗ ಹೇಳುತ್ತಾರೆ. ಶರಣರ ನಾಟಕಗಳಲ್ಲಿ ವಚನಗಳೇ ಹಾಡಾಗುವುದು, ಖ್ವಾಜಾ ಬಂದೇ ನವಾಜರ ಉರುಸಿನಲ್ಲಿ ಕವ್ವಾಲಿ ಕೇಳಲು ಜನ ಕೂಡುವುದು, ಎಲ್ಲವೂ ಹೀಗೆ ಎಲ್ಲರಿಗೂ ಸೇರಿದ ಸಂಗೀತವೇ. ಅಲ್ಲಿ ತಕರಾರು ಬಂದರೆ ಅದು ಹಾಡಿನ ಬಗ್ಗೆಯಲ್ಲ, ಬದುಕನ್ನು ಹೇಳಿದ ರೀತಿಯ ಬಗ್ಗೆ. ಬಸವಣ್ಣನವರ ಕಾಲವನ್ನು ಕುರಿತ ನಾಟಕವೊಂದು 1990ರ ದಶಕದಲ್ಲಿ ಪ್ರತಿಭಟನೆಗಳ ನಂತರ ಪಠ್ಯದಿಂದ ಹೊರಬಿದ್ದದ್ದನ್ನು ಈ ಭಾಗದ ಓದುಗರು ಮರೆತಿಲ್ಲ.

ವೃತ್ತಿ ನಾಟಕ ಕಂಪನಿಗಳೂ ಧಾಟಿಯನ್ನು ಧಾರಾಳವಾಗಿ ಎರವಲು ಪಡೆದವು. ಮರಾಠಿ ರಂಗಗೀತೆಯ, ಪಾರಸಿ ಕಂಪನಿಗಳ ಮಟ್ಟುಗಳು ಕನ್ನಡದ ಮಾತು ತೊಟ್ಟು ಬಂದವು. ಬೋಲಪಟ ಬಂದ ಮೇಲೆ ಸಿನಿಮಾ ಧಾಟಿಗಳೂ ಸೇರಿಕೊಂಡವು. ಶರಣಬಸವೇಶ್ವರ ಜಾತ್ರೆಯಲ್ಲಿ ಠಿಕಾಣಿ ಹೂಡುತ್ತಿದ್ದ ಕಂಪನಿಗಳ ಟೆಂಟಿನಲ್ಲಿ ಕಾಲುಪೆಟ್ಟಿಗೆಯ ಮುಂದೆ ಕುಳಿತ ಮಾಸ್ತರು ಯಾವ ಧಾಟಿ ನುಡಿಸಿದರೂ, ಅದಕ್ಕೆ ಯಾರ ಪರವಾನಗಿ ಇದೆ ಎಂದು ಕೇಳುವ ಪದ್ಧತಿ ಇರಲಿಲ್ಲ. ಜನ ಒನ್ಸ್ ಮೋರ್ ಎಂದರೆ ಇನ್ನೊಮ್ಮೆ ಹಾಡಿದರು, ಅಷ್ಟೆ.

ಇದಾದ ಮೇಲೆ ಬಂದದ್ದು ರಸಮಂಜರಿಯ ಕಾಲ. ಈ ವಿಷಯದ ಬೇರು ಇಲ್ಲೇ ಇದೆ ಎಂದು ನಾನು ನಂಬಿದ್ದೇನೆ. 1980 ಮತ್ತು 90ರ ದಶಕಗಳಲ್ಲಿ ಗಣೇಶೋತ್ಸವ, ನವರಾತ್ರಿ, ಊರ ಜಾತ್ರೆ, ಯಾವುದಕ್ಕೂ ಆರ್ಕೆಸ್ಟ್ರಾ ಇಲ್ಲದೆ ಕಳೆ ಬರುತ್ತಿರಲಿಲ್ಲ. ಚೌಕದಲ್ಲಿ ಅಟ್ಟ ಕಟ್ಟಿ, ಜನರೇಟರ್ ತಂದು, ಮೈಕ್ ಸೆಟ್‌ನವರು ಎಕೋ ಸರಿಪಡಿಸುವಷ್ಟರಲ್ಲಿ ಜನ ಜಮಾಯಿಸಿರುತ್ತಿದ್ದರು. ಕೀಬೋರ್ಡ್, ಗಿಟಾರ್, ಕಾಂಗೊ, ಢೋಲಕ್, ತಬಲಾ, ಆಮೇಲೆ ರಿದಂ ಪ್ಯಾಡ್. ಸಿನಿಮಾದ ಹಿನ್ನೆಲೆ ವಾದ್ಯದ ಒಂದೊಂದು ತುಣುಕನ್ನೂ ಕೇಳಿ ಕೇಳಿ ಕಲಿತ ಈ ವಾದಕರಲ್ಲಿ ಹಲವರು ಹಗಲು ಶಾಲಾ ಮಾಸ್ತರರೋ ರೈಲ್ವೆ, ಬ್ಯಾಂಕು ನೌಕರರೋ ಆಗಿರುತ್ತಿದ್ದರು. ಕಲಬುರಗಿ, ಬೀದರಿನಲ್ಲಿ ಒಂದೇ ಸಂಜೆಗೆ ಕನ್ನಡ ಹಾಡೂ ಬೇಕು, ಹಿಂದಿ ಹಾಡೂ ಬೇಕು, ಒಂದೆರಡು ಗಜಲ್ಲೂ ಬೇಕು. ದಖನಿ ಉರ್ದು ಮನೆಮಾತಾಗಿರುವ ಕೇರಿಯಿಂದ ರಫಿಯ ಹಾಡಿಗೆ ಚೀಟಿ ಬಂದರೆ, ಪಕ್ಕದ ಓಣಿಯಿಂದ ರಾಜಕುಮಾರರ ಹಾಡಿಗೆ ಚೀಟಿ ಬರುತ್ತಿತ್ತು. ಇಬ್ಬರೂ ಎರಡೂ ಹಾಡು ಮುಗಿಯುವವರೆಗೆ ಕೂರುತ್ತಿದ್ದರು.

ಆ ವೇದಿಕೆಯ ನಿಜವಾದ ಸೂತ್ರಧಾರ ನಿರೂಪಕ. ರಫಿ ತೀರಿಕೊಂಡ ಜುಲೈ 31ಕ್ಕೆ, ರಾಜಕುಮಾರರ ಹುಟ್ಟುಹಬ್ಬದ ಏಪ್ರಿಲ್ 24ಕ್ಕೆ ಇಡೀ ಸಂಜೆ ಒಬ್ಬರದೇ ಹಾಡು. ಹಾಡಿನಿಂದ ಹಾಡಿಗೆ ಹೋಗುವ ನಡುವಿನ ವೇಳೆಯಲ್ಲಿ ನಿರೂಪಕ ಬದುಕನ್ನು ಕಟ್ಟುತ್ತಾ ಹೋಗುತ್ತಿದ್ದ: ರಾಜಕುಮಾರರದಾದರೆ ಗುಬ್ಬಿ ಕಂಪನಿಯ ಬಾಲ್ಯ, 1954ರ ಮೊದಲ ನಾಯಕ ಪಾತ್ರ, ಪಿ.ಬಿ. ಶ್ರೀನಿವಾಸರ ಕಂಠ ಜೊತೆಗಿದ್ದ ವರ್ಷಗಳು, 1974ರಲ್ಲಿ ಎಮ್ಮೆಯ ಬೆನ್ನೇರಿದ ಹಾಡಿನಿಂದ ಗಾಯಕರಾಗಿಯೂ ನೆಲೆಯೂರಿದ್ದು, 1992ರ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ. ಜೂನಿಯರ್ ರಾಜಕುಮಾರ್ ಎಂದು ಹೆಸರಾದ ಕಲಾವಿದ ಅದೇ ಅಂಗಿ, ಅದೇ ನಡಿಗೆಯಲ್ಲಿ ಬಂದು ನಿಲ್ಲುತ್ತಿದ್ದ. ನ್ಯೂಯಾರ್ಕಿನಲ್ಲಿ ಈಗ ದುಬಾರಿ ಟಿಕೆಟ್ ಇಟ್ಟು ತೋರಿಸುವ ಬಗೆಯನ್ನು ನಮ್ಮ ಚೌಕಗಳಲ್ಲಿ ಬಿಟ್ಟಿಯಾಗಿ ನೋಡುತ್ತಿದ್ದೆವು. ಅದನ್ನು ರಂಗಭೂಮಿ ಎಂದು ಯಾರೂ ದಾಖಲಿಸಿಕೊಳ್ಳಲಿಲ್ಲ ಎಂಬ ಕೊರಗು ನನಗಿದೆ. ಆ ನಿರೂಪಕರ ಮಾತುಗಾರಿಕೆ, ಆ ವಾದಕರ ಕಿವಿ, ಎರಡೂ ಅಭ್ಯಾಸದಿಂದ ಬಂದ ವಿದ್ಯೆ.

ಆಮೇಲೆ ಕರೋಕೆ ಬಂತು, ಅಂದರೆ ಮೊದಲೇ ಮುದ್ರಿಸಿದ ವಾದ್ಯದ ಟ್ರ್ಯಾಕ್ ಹಾಕಿ ಅದಕ್ಕೆ ಹಾಡುವುದು. ಹತ್ತು ಹನ್ನೆರಡು ವಾದಕರ ಜಾಗಕ್ಕೆ ಒಂದು ಲ್ಯಾಪ್‌ಟಾಪ್ ಬಂದು ಕೂತಿತು. ಖರ್ಚು ಇಳಿದದ್ದು ನಿಜ, ಆದರೆ ವಾದಕರ ಸಂಜೆಗಳು ಖಾಲಿಯಾದವು. ಹಕ್ಕಿನ ಲೆಕ್ಕವೂ ಹೆಚ್ಚು ತೊಡಕಾಯಿತು. ವಾದ್ಯ ನುಡಿಸಿ ಹಾಡಿದರೆ ಸಾಹಿತ್ಯ ಮತ್ತು ಸಂಗೀತದ ಹಕ್ಕು ಮಾತ್ರ ನೋಡಬೇಕು. ಸಿದ್ಧ ಟ್ರ್ಯಾಕ್ ಹಾಕಿದ ಕೂಡಲೇ ಧ್ವನಿಮುದ್ರಣದ ಹಕ್ಕು ಎಂಬ ಮೂರನೆಯದೂ ಸೇರಿಕೊಳ್ಳುತ್ತದೆ.

ಕಾನೂನಿನ ಕಡೆಗೆ ಬರೋಣ. ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದು. ಗೀತರಚನಕಾರರ ಮತ್ತು ಸಂಯೋಜಕರ ಪರವಾಗಿ ಸಂಭಾವನೆ ಸಂಗ್ರಹಿಸುವ ಐಪಿಆರ್‌ಎಸ್ 1969ರಲ್ಲಿ ಹುಟ್ಟಿತು. ಆದರೆ 1977ರಲ್ಲಿ ಸುಪ್ರೀಂ ಕೋರ್ಟು, ಸಿನಿಮಾಕ್ಕೆಂದು ಹಣ ಪಡೆದು ಮಾಡಿದ ಹಾಡಿಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ನಿರ್ಮಾಪಕನೇ ಮೊದಲ ಒಡೆಯ ಎಂದಿತು. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಹಾಡುವವರಿಗೆ ನಮ್ಮ ಕಾಯ್ದೆಯಲ್ಲಿ ಏನೂ ಇಲ್ಲವಲ್ಲ ಎಂದು ಮರುಗಿ ಟಿಪ್ಪಣಿ ಬರೆದರು. ಆ ನೋವು ಆಗಲೇ ಹಳೆಯದಾಗಿತ್ತು. 1960ರ ದಶಕದಲ್ಲಿ ಗಾಯಕರಿಗೂ ರಾಯಧನ (ರಾಯಲ್ಟಿ) ಬೇಕೆಂದು ಲತಾ ಮಂಗೇಶ್ಕರ್ ಕೇಳಿದಾಗ, ಹಾಡಿಗೆ ಹಣ ಪಡೆದ ಮೇಲೆ ಮುಗಿಯಿತು ಎಂದು ರಫಿ ಹೇಳಿದ್ದರಿಂದ ಇಬ್ಬರೂ ಕೆಲವು ವರ್ಷ ಜೊತೆಯಾಗಿ ಹಾಡಲಿಲ್ಲ. ರಫಿಯ ಬದುಕನ್ನು ನಾಟಕ ಮಾಡುವವರು ಈ ಪ್ರಸಂಗವನ್ನು ಬಿಟ್ಟರೆ ನಾಟಕವೇ ಬಡವಾಗುತ್ತದೆ. 1994ರ ತಿದ್ದುಪಡಿ ಪ್ರದರ್ಶನಕಾರರ ಹಕ್ಕನ್ನು ತಂದಿತು. 2012ರ ತಿದ್ದುಪಡಿ ಬರೆದವರಿಗೆ ಮತ್ತು ರಾಗ ಹಾಕಿದವರಿಗೆ ಯಾರೂ ಬರೆಸಿಕೊಳ್ಳಲಾಗದ ರಾಯಧನವನ್ನು ಕೊಟ್ಟಿತು, ಹಾಡುವವರ ಪಾಲನ್ನೂ ಗುರುತಿಸಿತು. ಇದು ತಡವಾಗಿ ಬಂದ ನ್ಯಾಯ, ಬಂದದ್ದು ಒಳ್ಳೆಯದೇ. 2017ರಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅಮೆರಿಕ ಪ್ರವಾಸದಲ್ಲಿದ್ದಾಗ ಸಂಯೋಜಕ ಇಳಯರಾಜಾ ಅವರ ಕಡೆಯಿಂದ, ತಾವು ರಾಗ ಹಾಕಿದ ಹಾಡುಗಳನ್ನು ಕೇಳದೆ ಹಾಡಬಾರದೆಂಬ ನೋಟಿಸ್ ಬಂದದ್ದು ಆ ನ್ಯಾಯದ ಇನ್ನೊಂದು ಮುಖ. ತಮ್ಮದೇ ಕಂಠದಿಂದ ಊರೂರಿಗೆ ತಲುಪಿದ ಹಾಡುಗಳನ್ನು ಎಸ್‌ಪಿಬಿ ಮುಂದಿನ ಕಾರ್ಯಕ್ರಮಗಳಿಂದ ಕೈಬಿಟ್ಟರು. ಸಂಯೋಜಕನ ಹಕ್ಕು ನಿಜ, ಗಾಯಕನ ಸಂಕಟವೂ ನಿಜ. ನಮ್ಮ ಕಡೆಯ ಆರ್ಕೆಸ್ಟ್ರಾದವರು ಮೊದಲ ಬಾರಿ ಪರವಾನಗಿ ಎಂಬುದನ್ನು ಗಂಭೀರವಾಗಿ ತೆಗೆದುಕೊಂಡದ್ದು ಆ ಸುದ್ದಿಯ ನಂತರವೇ.

ಟಿಕೆಟ್ ಇಡದಿದ್ದರೆ ಹಂಗಿಲ್ಲ ಎಂಬ ಮಾತಿಗೆ ಆಧಾರ ಇದೇ ಕಾಯ್ದೆಯ 52ನೇ ಸೆಕ್ಷನ್. ಹವ್ಯಾಸಿ ಸಂಘವೊಂದು ಹಣ ಕೊಡದ ಪ್ರೇಕ್ಷಕರ ಮುಂದೆ, ಇಲ್ಲವೇ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ, ಸಾಹಿತ್ಯ, ನಾಟಕ ಅಥವಾ ಸಂಗೀತ ಕೃತಿಯನ್ನು ಪ್ರದರ್ಶಿಸಿದರೆ ಉಲ್ಲಂಘನೆಯಾಗದು. ಜಾತ್ರೆಯ ನಾಟಕಕ್ಕೆ ಇದು ದೊಡ್ಡ ಆಸರೆ. ಆದರೆ ಈ ವಿನಾಯಿತಿಯಲ್ಲಿ ಟ್ರ್ಯಾಕ್‌ನ ಮಾತಿಲ್ಲ. ಧಾರ್ಮಿಕ ಸಂಸ್ಥೆಯ ಸಹಾಯಾರ್ಥವಲ್ಲದೆ ರಂಗಮಂದಿರದಲ್ಲಿ ಟಿಕೆಟ್ ಹರಿದ ಕೂಡಲೇ ಆಸರೆ ತಪ್ಪುತ್ತದೆ. ಆಗ ಸಣ್ಣ ತಂಡವೊಂದು ಸಾಹಿತ್ಯ ಮತ್ತು ಸಂಗೀತಕ್ಕೆ ಒಂದು ಕಡೆ, ಧ್ವನಿಮುದ್ರಣಕ್ಕೆ ಇನ್ನೊಂದು ಕಡೆ, ಹಾಡನ್ನು ಕಥೆಯೊಳಗೆ ಸೇರಿಸುವುದಕ್ಕೆ ಹಕ್ಕುದಾರ ಕಂಪನಿಯ ಕಡೆ ಬರೆಯಬೇಕಾಗುತ್ತದೆ. ಮಹಾನಗರದ ದೊಡ್ಡ ನಿರ್ಮಾಣಕ್ಕೂ ಜಿಲ್ಲಾ ಕೇಂದ್ರದ ಒಂದು ರಾತ್ರಿಯ ಪ್ರದರ್ಶನಕ್ಕೂ ಒಂದೇ ದಾರಿ ಎಂಬುದು ಸರಿಯಲ್ಲ. ಸಣ್ಣ ತಂಡಗಳಿಗೆ ನಿಗದಿತ ದರದ, ಕನ್ನಡದಲ್ಲಿ ತುಂಬಬಹುದಾದ ಒಂದೇ ಅರ್ಜಿ ಬೇಕು.

ಬದುಕಿನ ಹಕ್ಕಿನ ವಿಷಯ ಇದಕ್ಕಿಂತ ಸಡಿಲವಾಗಿದೆ. ಸಾರ್ವಜನಿಕ ದಾಖಲೆಯಲ್ಲಿರುವ ಬದುಕನ್ನು ಹೇಳಲು ಒಪ್ಪಿಗೆ ಬೇಕಿಲ್ಲ ಎಂದು 1994ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಖಾಸಗಿತನದ ಹಕ್ಕು ವ್ಯಕ್ತಿಯೊಂದಿಗೇ ಮುಗಿಯುತ್ತದೆ, ವಾರಸುದಾರರಿಗೆ ಬರುವುದಿಲ್ಲ ಎಂದು ದೆಹಲಿ ಹೈಕೋರ್ಟು 2023ರಲ್ಲಿ, ನಟರೊಬ್ಬರ ಸಾವಿನ ಕುರಿತ ಚಿತ್ರದ ಪ್ರಕರಣದಲ್ಲಿ ಅಭಿಪ್ರಾಯಪಟ್ಟಿತು. ಬದುಕಿರುವವರ ಧ್ವನಿಯ ಮಾತೇ ಬೇರೆ. ಕೃತಕ ಬುದ್ಧಿಮತ್ತೆಯಿಂದ ಅರಿಜಿತ್ ಸಿಂಗ್ ಅವರ ಧ್ವನಿ ನಕಲು ಮಾಡುವುದನ್ನು ಬಾಂಬೆ ಹೈಕೋರ್ಟು 2024ರ ಜುಲೈಯಲ್ಲಿ ತಡೆಯಿತು. ಆದ್ದರಿಂದ ಕಥೆಗೆ ಹೆದರಬೇಕಿಲ್ಲ, ಯಂತ್ರದ ಧ್ವನಿಯನ್ನು ಮಾತ್ರ ದೂರವಿಡಬೇಕು. ನಮ್ಮಲ್ಲಿ ಹಾಡುವ ಗಂಟಲುಗಳಿಗೇನೂ ಬರಗಾಲವಿಲ್ಲ.

ಕೊನೆಗೆ ವರ್ಷಗಳ ಲೆಕ್ಕ, ಏಕೆಂದರೆ ತಂಡಗಳು ತಪ್ಪುವುದು ಇಲ್ಲೇ. ಬರೆದವರು ಅಥವಾ ರಾಗ ಹಾಕಿದವರು ತೀರಿಕೊಂಡ ವರ್ಷದ ನಂತರ 60 ವರ್ಷ ಹಕ್ಕು ಉಳಿಯುತ್ತದೆ. ಧ್ವನಿಮುದ್ರಣಕ್ಕೆ ಅದು ಹೊರಬಂದ ವರ್ಷದ ನಂತರ 60. ಶಿಶುನಾಳ ಷರೀಫರು 1889ರಲ್ಲಿ ತೀರಿಕೊಂಡವರು, ಅವರ ಪದ ಎಲ್ಲರದು. ಆದರೆ ನಮ್ಮ ಕಿವಿಯಲ್ಲಿ ಕೂತಿರುವ ಆ ಪದಗಳ ಎಷ್ಟೋ ರಾಗಗಳು ಸಿ. ಅಶ್ವತ್ಥ್ ಅವರವು. ಅವರು ತೀರಿಕೊಂಡದ್ದು 2009ರ ಡಿಸೆಂಬರಿನಲ್ಲಿ, ಹಕ್ಕು 2069ರ ಕೊನೆಯವರೆಗೆ. ಮಡಿವಾಳಪ್ಪನವರ ಪದವನ್ನು ಭಜನಾ ಮೇಳದ ಪರಂಪರೆಯ ಧಾಟಿಯಲ್ಲೇ ಹಾಡಿದರೆ ಈ ತೊಡಕೇ ಇಲ್ಲ. ಇನ್ನು ರಾಜಕುಮಾರರ ಆ ಎಮ್ಮೆಯ ಹಾಡು: ಬರೆದ ಚಿ. ಉದಯಶಂಕರ್, ರಾಗ ಹಾಕಿದ ಜಿ.ಕೆ. ವೆಂಕಟೇಶ್, ಇಬ್ಬರೂ 1993ರಲ್ಲಿ ತೀರಿಕೊಂಡರು. ಧ್ವನಿಮುದ್ರಣದ ಹಕ್ಕು 2034ಕ್ಕೆ ಮುಗಿದರೂ, ಪದ ಮತ್ತು ರಾಗ ಬಿಡುಗಡೆಯಾಗುವುದು 2054ರ ಜನವರಿ 1ರಂದು. ಅಲ್ಲಿಯವರೆಗೆ ಟಿಕೆಟ್ ಇಟ್ಟು ಆ ಹಾಡನ್ನು ರಂಗಕ್ಕೆ ತರುವ ತಂಡ ಮೊದಲು ಪರವಾನಗಿ ಪತ್ರ ಪಡೆದು, ಆಮೇಲೆ ರಂಗಮಂದಿರದ ದಿನಾಂಕ ಗೊತ್ತು ಮಾಡಿಕೊಳ್ಳಬೇಕು.